ನೀಲಿ ಹಲಗಿ ಕೆರೆದ ದಿನಗಳು

ಒಬ್ಬರೇ ಇರುವವರ ಮನೆಯಲ್ಲಿ ನಗುವಂಥದ್ದು ಏನು ನಡೆದೀತು ಎಂದು ಜನ ಅಂದುಕೊಳ್ಳುತ್ತಾರೆ. ನಡೆಯುತ್ತಲೇ ಇರುತ್ತದೆ. ನಡೆದಾಗ ಪಕ್ಕದಲ್ಲಿ ಕೂತು ನಗುವುದಕ್ಕೆ ಯಾರೂ ಇರುವುದಿಲ್ಲ, ಅಷ್ಟೇ. ಆಗ ನಗದೆ ಉಳಿಸಿಕೊಂಡದ್ದನ್ನು ಈಗ ಹೇಳುತ್ತಿದ್ದೇನೆ.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ಪರವೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲ. ನಾನು ಸಿಂದಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮದುವೆ ಆಗಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನಮ್ಮೂರಿನಲ್ಲಿ ಇರಲಾಗದೆ, ವರ್ಗ ಕೇಳಿಕೊಂಡು ಗದಗಿನ ಕಡೆಯಿಂದ ಇಲ್ಲಿಗೆ ಬಂದಿದ್ದೆ. ದಿನವಿಡೀ ಊರ ಮಂದಿಯ ಜೊತೆ ಮಾತು. ಸಂಜೆ ಮನೆಯ ಬಾಗಿಲು ತೆರೆದರೆ ಬೀಗದ ಸಪ್ಪಳ ಒಂದೇ.

ನೀಲಿ ಕಾಲು

ನನ್ನ ಬಾಡಿಗೆ ಮನೆ ಮಹಡಿಯ ಮೇಲೆ. ಎರಡು ಖೋಲಿ, ಅದರ ಮುಂದೆ ಓಣಿಯ ಕಡೆಗೆ ಚಾಚಿದ ಕಟ್ಟಿಗೆಯ ಪಡಸಾಲೆ. ನೆಲವೆಲ್ಲ ಹಳೆಯ ಸಾಗವಾನಿ ಹಲಗೆ, ಮೇಲೆ ಚಾವಣಿ ಇಲ್ಲ, ಬರೀ ಆಕಾಶ. ಕೆಳಗೆ ಮನೆಯ ಮಾಲೀಕರು, ಅರಿವೆ ಅಂಗಡಿಯ ಚಾಚಾ, ಮತ್ತು ಅವರ ಹೆಂಡತಿ ಚಾಚಿ. ನಾನು ಬರುವ ಮುಂಚೆ ಚಾಚಾ ಆ ಹಲಗೆಗೆಲ್ಲ ನೀಲಿ ಬಣ್ಣ ಬಳಿಸಿದ್ದರು. ಬಣ್ಣ ಕಡಿಮೆ ಬಿದ್ದಾಗ ಸೀಮೆಎಣ್ಣೆ ಬೆರೆಸಿದ್ದರಂತೆ. ಮೊದಲ ಮಳೆಗೆ ಅದು ಪದರು ಪದರಾಗಿ ಎದ್ದು, ನಡೆದರೆ ಕಾಲಿಗೆ ಮೆತ್ತಿಕೊಳ್ಳತೊಡಗಿತು.

ಎಕ್ಸ್‌ಚೇಂಜಿನ ಒಳಗೆ ಚಪ್ಪಲಿ ಹಾಕುವಂತಿರಲಿಲ್ಲ. ಒಂದು ದಿನ ನಾನು ಅರಳೆ ವ್ಯಾಪಾರಿಯೊಬ್ಬರಿಗೆ ಸೊಲ್ಲಾಪುರದ ಲೈನ್ ಹಿಡಿದುಕೊಡುತ್ತಿದ್ದೆ. ಜೋಡಿಯಲ್ಲಿ ಕೆಲಸ ಮಾಡುವ ಒಬ್ಬ ಬಾಯಿ (ನೌಕರಿಯ ಹೆಂಗಸರನ್ನು ಆ ಕಡೆ ಕರೆಯುವುದೇ ಹಾಗೆ) ಬಿದ್ದ ಪೆನ್ನು ಎತ್ತಲು ಕುರ್ಚಿಯ ಕೆಳಗೆ ಬಗ್ಗಿದವರು ನನ್ನ ನೀಲಿಗಟ್ಟಿದ ಕಾಲ ಬೆರಳು ನೋಡಿದರು. ನೋಡಿದವರೇ ತಮ್ಮ ಜಡೆಯ ರಿಬ್ಬನ್ ಬಿಚ್ಚಿ ನನ್ನ ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದರು. ಲೈನ್ ಮೇಲಿದ್ದೆ, ಬಾಯಿ ಬಿಡುವಂತಿರಲಿಲ್ಲ. ಸೊಲ್ಲಾಪುರ ಸಿಕ್ಕುವಷ್ಟರಲ್ಲಿ ಹೊರಗೆ ರಿಕ್ಷಾ ಬಂದಿತ್ತು. "ಇದು ಬಣ್ಣರೀ" ಅಂದೆ. "ಹೌದು, ವಿಷ ಏರಿದ್ರ ಹಿಂಗ ಬಡಬಡಸ್ತಾರ" ಅಂತ ಎಳೆದುಕೊಂಡೇ ಹೋದರು.

ದವಾಖಾನೆಯ ಡಾಕ್ಟರು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರು. ಕಾಲು ಬಿಳುಪಾಯಿತು, ಹತ್ತಿ ನೀಲಿಯಾಯಿತು. ಡಾಕ್ಟರು ಯಾರ ಮನೆಯಲ್ಲಿ ಬಾಡಿಗೆ ಎಂದು ಕೇಳಿಕೊಂಡು, ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಕಡದದ್ದು ಹಾವಲ್ಲ ಬಿಡ್ರಿ. ಚಾಚಾ."

ಯಾರ ಬಣ್ಣ ಯಾರದು

ಆವತ್ತೇ ನಿಶ್ಚಯ ಮಾಡಿದೆ. ಈ ಬಣ್ಣವನ್ನೆಲ್ಲ ಕೆರೆದು ತೆಗೆದು, ಕಟ್ಟಿಗೆಗೆ ಅದರದೇ ಮೈ ಕೊಡಬೇಕು. ರಜೆಯ ದಿನ ಮಾಡಲು ನನಗೆ ಬೇರೆ ಕೆಲಸವೂ ಇರಲಿಲ್ಲ. ಹಾಲಿನವನು ಕೂಡ ಹಾಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಹಬ್ಬದ ದಿನವೂ ಆ ಮೆಟ್ಟಿಲು ಹತ್ತಿ ಬಂದವರಿಲ್ಲ.

ವಾಷಿಂಗ್ ಸೋಡಾದ ಬಿಸಿನೀರು ಸುರಿದು ಬಣ್ಣ ಮೆತ್ತಗೆ ಮಾಡುವುದು, ಒಡೆದ ಗಾಜಿನ ಅಂಚಿನಿಂದ ಕೆರೆಯುವುದು. ಆ ಸಪ್ಪಳಕ್ಕೆ ಚಾಚಾ ಮೇಲೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಬಗ್ಗಿ ನೋಡಿ ಮುಖ ಅರಳಿಸಿದರು.

"ಹಸರು ಬಂತಲ್ರಿ. ಅದು ಕೋರ್ಟಿನ ಬೆಲೀಫ್ ಬಾಡಿಗಿ ಇದ್ದಾಗಿಂದು. ಆತನ ಕೆಳಗ ಕೆಂಪು ಇರಬೇಕು ನೋಡ್ರಿ, ಕನ್ನಡ ಸಾಲಿ ಮಾಸ್ತರು."

ಕೆರೆದೆ. ಕೆಂಪು ಬಂತು.

"ಮಾಸ್ತರ ಹೋದಾಗ ಚಾಚಿ ವಾರಗಟ್ಟಲೆ ಸಪ್ಪಗಿದ್ಲು. ಬಾಡಿಗಿ ಮಂದಿ ಹೋದ್ರ ಮನಿ ಭಣಭಣ ಅಂತದ. ಅದಕ್ಕ ಒಬ್ಬರು ಹೋದಕೂಡ್ಲೆ ಬ್ಯಾರೆ ಬಣ್ಣ ಹೊಡಸಿಬಿಡ್ತೇನಿ, ಹೋದವರ ನೆನಪ ಆಗಬಾರದಂತ."

ಬಂದು ಹೋದವರನ್ನು ಇಷ್ಟು ನೆನೆಯುವ ಮನುಷ್ಯ ಕೆಳಗೇ ಇದ್ದರೂ ನಾನೇ ಮಾತಾಡಿಸಿರಲಿಲ್ಲವಲ್ಲ ಅನಿಸಿತು. ಚಾಚಾ ಮೆಟ್ಟಿಲಿಳಿಯುತ್ತ ಅರ್ಧಕ್ಕೆ ನಿಂತು, ಬಹಳ ಪ್ರೀತಿಯಿಂದ ಕೇಳಿದರು:

"ಬಾಯಾರ, ನಿಮಗ ಯಾವ ಬಣ್ಣ ಸೇರತೈತಿ? ನೀವು ಹೋದ ಮ್ಯಾಲ ಅದನ್ನ ಹೊಡಸ್ತೇನಿ."

ಹಲಗೆಯ ಚಟ

ಕೆರೆದ ಹಲಗೆಯ ಮೇಲೆ ಉಳಿದ ಬಣ್ಣ ಒರೆಸಲು ಸ್ಪಿರಿಟ್ ಬೇಕಾಯಿತು. ದವಾಖಾನೆಯಲ್ಲಿ ಕಂಡಿದ್ದೆನಲ್ಲ. ಔಷಧಿ ಅಂಗಡಿಗೆ ಹೋಗಿ ದೊಡ್ಡ ಬಾಟಲಿ ಕೇಳಿದೆ. ಅಂಗಡಿಯವರು ಕಾಗದ ಸುತ್ತಿ ಕೊಟ್ಟರು. ಮರುವಾರ ಮತ್ತೆ ಹೋದೆ. ಆಗ ಕೇಳದೆಯೇ ಕಾಗದದ ಮೇಲೆ ಇನ್ನೊಂದು ಕಾಗದ ಸುತ್ತಿ, ದನಿ ಇಳಿಸಿ, "ಆರೋಗ್ಯ ಸಂಭಾಳಿಸ್ಕೊಳ್ರಿ" ಅಂದರು.

ಎದುರು ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರಿದ್ದರು. ಓಣಿಯ ಯಾರ ಮನೆಯಲ್ಲಿ ಏನು ಕೆಟ್ಟರೂ ಸರಿಮಾಡುವ ಹೊಣೆ ಅವರದು. ಒಂದು ಸಂಜೆ ಮೆಟ್ಟಿಲೇರಿ ಬಂದು ನನ್ನ ಕೈ ಹಿಡಿದುಕೊಂಡರು.

"ನೋಡವಾ, ಒಬ್ಬಾಕೀನ ಇರ್ತಿ. ಬ್ಯಾಸರ ಬರೂದ. ಹಂಗಂತ ಇಂಥಾದ್ದು ಹತ್ತಿಸ್ಕೋಬಾರದು."

ನನ್ನ ಬ್ಯಾಸರದ ಬಗ್ಗೆ ಆ ಊರಿನಲ್ಲಿ ಮೊದಲು ಕೇಳಿದವರು ಅವರೇ. ಅವರು ಕೇಳಿದ್ದು ಬಾಟಲಿಯ ಸಲುವಾಗಿ ಅನ್ನುವುದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬಾಟಲಿ ತಂದು, ಅವರ ಕಣ್ಣೆದುರೇ ಹಲಗೆಗೆ ಸುರಿದು ಒರೆಸಿ ತೋರಿಸಿದೆ. "ನಾ ಕುಡ್ಯಾಂಗಿಲ್ರಿ. ಇದಕ್ಕ ಹಾಕ್ತೇನಿ."

ಅವರು ಕೆಳಗಿಳಿದರು. ಓಣಿಯ ಹೆಣ್ಣುಮಕ್ಕಳು ಬಾವಿಯ ಕಟ್ಟೆಯ ಹತ್ತಿರ ಕಾಯುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಅವರಿಗೆ ಹೇಳಿದ್ದು ಮೇಲಿನವರೆಗೂ ಕೇಳಿಸಿತು:

"ತಾನು ಬಿಟ್ಟಾಳಂತ. ಈಗ ನೆಲಕ್ಕ ಕುಡಸಾಕ ಹತ್ಯಾಳ."

ಲೈನಿನ ಮೇಲಿನ ಹಲಗೆ

ಸುದ್ದಿ ಓಣಿ ದಾಟಿ ಟೆಲಿಫೋನಿನ ತಂತಿಗೂ ಏರಿತು. ಮೋರಟಗಿಯ ಗೊಬ್ಬರದ ಅಂಗಡಿಯವರು ದಿನಾ ಬಿಜಾಪುರಕ್ಕೆ ಕಾಲ್ ಬುಕ್ ಮಾಡುವವರು. ನನ್ನ ಹೆಸರು ಏನು, ನೋಡಲು ಹೇಗಿದ್ದೇನೆ, ಅವರಿಗೆ ಗೊತ್ತಿರಲಿಲ್ಲ. ನನ್ನ ಹಲಗೆ ಮಾತ್ರ ಗೊತ್ತಿತ್ತು.

"ಎಲ್ಲೀತನಕ ಬಂತ್ರಿ ಹಲಗಿ?"

"ಕೆರಿಯೂದು ಮುಗೀತ್ರಿ. ಎಣ್ಣಿ ಕೊಡಬೇಕು."

"ಯಾವ ಎಣ್ಣಿ ಕೊಡ್ತೀರಿ?"

ಅಷ್ಟರಲ್ಲಿ ಬಿಜಾಪುರದ ಸಾಹುಕಾರರು ಲೈನಿಗೆ ಬಂದರು. "ಹಲೋ, ಹಲೋ" ಅನ್ನುತ್ತಿದ್ದರು. ಮೋರಟಗಿಯವರು ಅವರಿಗೆ, "ಒಂದೀಟು ತಡೀರಿ, ಬಾಯಾರ ಕೂಡ ಎಣ್ಣಿದು ಮಾತು ನಡದೈತಿ" ಅಂದರು. ಸಾಹುಕಾರರು ಸಿಟ್ಟಾಗುತ್ತಾರೆಂದು ನಾನು ಲೈನ್ ಬಿಡಲು ಹೋದೆ. ಆ ಕಡೆಯಿಂದ ಗಂಭೀರವಾದ ದನಿ ಬಂತು:

"ಬಿಡಬ್ಯಾಡ್ರಿ. ಅಗಸಿ ಎಣ್ಣಿ ಚಲೋ ನೋಡ್ರಿ."

ಅಗಸಿ ಎಣ್ಣೆಯನ್ನೇ ಹಚ್ಚಿದೆ. ಪಡಸಾಲೆಯೆಲ್ಲ ಅಗಸಿ ಹಿಂಡಿಯ, ಅಂದರೆ ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿಯ, ವಾಸನೆ. ಕೆಳಗಿನಿಂದ ಹೋಗುವವರು ತಲೆ ಎತ್ತಿ ಮೂಗು ಅರಳಿಸುತ್ತಿದ್ದರು. ಚಾಚಿ ರೊಟ್ಟಿ ಹಿಡಿದುಕೊಂಡು ಮೇಲೆ ಬಂದರು. "ಹಿಂಡಿ ಕುಟ್ಟೀಯೇನ? ಒಂದೀಟು ಹಾಕು." ಹಲಗೆ ತೋರಿಸಿದೆ. ಚಾಚಿ ಬೇಸರಪಟ್ಟುಕೊಳ್ಳಲಿಲ್ಲ. ಹಲಗೆಯ ಪಕ್ಕ ಹೊಸ್ತಿಲ ಮೇಲೆ ಕೂತು, ವಾಸನೆ ನೋಡುತ್ತ ಆ ರೊಟ್ಟಿ ಬರೀದೇ ತಿಂದು ಹೋದರು.

ಭಾನುವಾರದ ಬಾಯಾರು

ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಮೂರೂ ಎಕ್ಸ್‌ಚೇಂಜುಗಳಲ್ಲಿ ನನ್ನಂಥ ಒಬ್ಬೊಬ್ಬ ಬಾಯಿ ಇದ್ದರು. ತಿಂಗಳುಗಟ್ಟಲೆ ದಿನಾ ಲೈನ್ ಮೇಲೆ ಮಾತಾಡಿದವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹೆಸರು ಕೂಡ ಕರೆಯುತ್ತಿರಲಿಲ್ಲ. "ಇಂಡಿ, ಹೆಂಗದೀರಿ?" "ಆರಾಮ ಸಿಂದಗಿ, ನೀವು?" ಹೀಗೆ. ಹಲಗೆಯ ಸುದ್ದಿ ಕೇಳಿ ಕೇಳಿ ಒಂದು ದಿನ ಮುದ್ದೇಬಿಹಾಳ ಹೇಳಿದರು: "ಇಷ್ಟು ಕೊಂಡಾಡ್ತೀರಿ, ಬಂದು ನೋಡೇ ಬಿಡ್ತೇವಿ."

ಭಾನುವಾರ ಬರುವುದೆಂದಾಯಿತು. ಎಣ್ಣೆ ಪೂರ್ತಿ ಹೀರುವ ತನಕ ವಾರ್ನಿಶ್ ಹಚ್ಚಬೇಡಿ ಎಂದು ಬಣ್ಣದ ಅಂಗಡಿಯವರು ಹೇಳಿದ್ದರು. ಆದರೆ ನನ್ನ ಮನೆಗೆ ಅತಿಥಿಗಳು ಬರುತ್ತಿದ್ದರು. ಹಚ್ಚಿಬಿಟ್ಟೆ. ಭಾನುವಾರ ಬೆಳಿಗ್ಗೆ ಬೆರಳಿಟ್ಟು ನೋಡಿದರೆ ಒಣಗಿದಂತೆಯೇ ಇತ್ತು. ಕನ್ನಡಿಯಂಥ ಹೊಳಪು.

ಮೂವರೂ ಬಂದರು. ಗಡಸು ದನಿಯ ಇಂಡಿಯನ್ನು ನಾನು ಎತ್ತರದ ಹೆಂಗಸು ಅಂದುಕೊಂಡಿದ್ದೆ. ಬಂದವರು ನನ್ನ ಭುಜಕ್ಕೆ ಬರುವಂತಿದ್ದರು. ಸಣ್ಣ ಹುಡುಗಿಯ ದನಿಯ ಬಾಗೇವಾಡಿಯ ಕೂದಲು ಪೂರಾ ಬೆಳ್ಳಗಿತ್ತು. ಮುಖ ನೋಡಿದ ಕೂಡಲೇ ನಮ್ಮೆಲ್ಲರ ಮಾತು ನಿಂತುಹೋಯಿತು. ಊಟ ಮಾಡುವಾಗ "ಪಲ್ಯ ಚಲೋ ಆಗೇತ್ರಿ" ಅಂದರು ಒಬ್ಬರು, "ಹೌದ್ರಿ" ಅಂದರು ಇನ್ನೊಬ್ಬರು. ಅಷ್ಟೇ. ಇಷ್ಟು ದಿನ ನನಗೆ ಇದ್ದ ಮೂವರು ಗೆಳತಿಯರೂ ಒಂದೇ ಮಧ್ಯಾಹ್ನ ಇಲ್ಲವಾದಂತೆ ಅನಿಸಿತು.

ಬಿಸಿಲು ಸರಿದು ನೆರಳು ಬಿದ್ದ ಮೇಲೆ ಚಹಾಕ್ಕೆ ಪಡಸಾಲೆಗೆ ಕರೆದೆ. ಇಂಡಿ ಚಾಪೆ ಕೇಳಿದರು. "ಚಾಪಿ ಹಾಸಿದ್ರ ಹೊಳಪು ಕಾಣಾಂಗಿಲ್ರಿ" ಅಂದೆ. ನಾಲ್ವರೂ ಓಣಿಯ ಕಡೆ ಮುಖ ಮಾಡಿ ಸಾಲಾಗಿ ಕೂತೆವು. ಚಹಾ ಮುಗಿಯಿತು. ಬಾಗೇವಾಡಿ ಗಡಿಯಾರ ನೋಡಿ, "ಬಸ್ಸಿನ ಹೊತ್ತಾತು, ಹೊಂಡೋಣು" ಅಂತ ಏಳಲು ಹೋದರು. ಅರ್ಧ ಎದ್ದು ಮತ್ತೆ ಕೂತರು.

"ಇಂಡಿ, ನನ್ನ ಸೀರಿ ಬಿಡ್ರಿ."

"ನಾ ಎಲ್ಲಿ ಹಿಡದೇನ್ರಿ? ನಂದೂ ಯಾರೋ ಹಿಡದಾರ."

ಹಗಲಿನ ಕಾವಿಗೆ ವಾರ್ನಿಶ್ ಮತ್ತೆ ಮೆತ್ತಗಾಗಿ, ನಾಲ್ವರನ್ನೂ ಹಿಡಿದುಕೊಂಡಿತ್ತು. ಜೋರಾಗಿ ಎಳೆದರೆ ಸೀರೆ ಹರಿಯುತ್ತದೆ. ನನಗೆ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಕೆಳಗೆ ಹೊರಟಿದ್ದ ಚಾಚಾನನ್ನು ಕೂಗಿದೆ. ಅವರು ಮೆಟ್ಟಿಲ ತನಕ ಬಂದು, ಹೆಣ್ಣುಮಕ್ಕಳನ್ನು ತಾವು ಹೇಗೆ ಬಿಡಿಸುವುದೆಂದು ಚಾಚಿಯನ್ನು ಕರೆಯಲು ಹೋದರು. ಚಾಚಿ ಸಂತೆಗೆ ಹೋಗಿದ್ದರು.

ಬಸ್ಸು ಹೋದ ಸಪ್ಪಳ ಕೇಳಿಸಿತು. ಆಮೇಲೆ ಬಾಗೇವಾಡಿ, ನನ್ನ ಕಡೆ ತಿರುಗದೆ, ಲೈನಿನ ಮೇಲಿನ ಅದೇ ಸಣ್ಣ ದನಿಯಲ್ಲಿ ಅಂದರು:

"ಸಿಂದಗಿ, ನಾ ದಿನಾ ಮಧ್ಯಾಹ್ನ ಟೆಸ್ಟಿಂಗ್ ಅಂತ ನಿಮ್ಮನ್ನ ಕರೀತಿದ್ನಲ್ಲ, ಲೈನ್ ಯಾವತ್ತೂ ಕೆಟ್ಟಿರಲಿಲ್ರಿ."

"ಗೊತ್ತೈತ್ರಿ ಬಾಗೇವಾಡಿ. ನಾನೂ ಇಂಡಿಗೆ ಹಂಗ ಮಾಡ್ತಿದ್ದೆ."

"ಅಯ್ಯ, ನಾ ಮುದ್ದೇಬಿಹಾಳಕ್ಕ" ಅಂದರು ಇಂಡಿ.

ಅಲ್ಲಿಂದ ಮಾತು ಶುರುವಾಯಿತು. ಮುಖ ಕಾಣದಂತೆ ಕೂತದ್ದೇ ಒಳ್ಳೆಯದಾಯಿತು. ಗಂಡ ಬಿಟ್ಟದ್ದು, ಅತ್ತೆಯ ಕಾಟ, ಅವ್ವನ ಕೊನೆಯ ದಿನಗಳು, ಯಾವ ಸಾಹುಕಾರ ಯಾರಿಗೆ ಕದ್ದು ಫೋನ್ ಮಾಡುತ್ತಾನೆ ಅನ್ನುವುದು, ಎಲ್ಲ ಬಂತು. ನಗುತ್ತ ನಗುತ್ತ ಒಬ್ಬರ ಮೇಲೆ ಒಬ್ಬರು ಒರಗಿದೆವು. ಬೀಳುವ ಭಯವಂತೂ ಇರಲಿಲ್ಲ.

ಹೊತ್ತು ಮುಳುಗುವಾಗ ಚಾಚಿ ಸೀಮೆಎಣ್ಣೆಯ ಬಟ್ಟೆ ಹಿಡಿದು ಏದುಸಿರು ಬಿಡುತ್ತ ಬಂದರು. "ಬಿಡಸಲೇನ್ರವಾ?"

ಟ್ರಂಕ್ ಕಾಲಿನಲ್ಲಿ ಮೂರು ನಿಮಿಷ ಮುಗಿದಾಗ ಲೈನ್ ಕತ್ತರಿಸಲೇ ಎಂದು ನಾವು ಕೇಳುತ್ತಿದ್ದದ್ದೂ ಹೀಗೆಯೇ. ಮುದ್ದೇಬಿಹಾಳ ತಟ್ಟನೆ ಅಂದರು: "ಇನ್ನ ಮೂರು ನಿಮಿಷ ಎಕ್ಸ್‌ಟೆಂಡ್ ಮಾಡ್ರಿ."

ಚಾಚಿಗೆ ಏನು ತಿಳಿಯಿತೋ ಏನೋ. "ಹಂಗಾರ ನಾನೂ ಒಂದೀಟು ದಣಿವಾರಿಸ್ಕೋತೇನಿ" ಎಂದು ನಮ್ಮ ಪಕ್ಕದಲ್ಲೇ, ಹೊಳೆಯುವ ಹಲಗೆಯ ಮೇಲೆ, ಆರಾಮಾಗಿ ಕೂತುಬಿಟ್ಟರು.