ಭಾವನ ಟ್ಯಾಂಕಿನ ಸುಣ್ಣ

ಅಮೀರ್‌ಪೇಟ್‌ನ ಉರಿಬಿಸಿಲಿನಲ್ಲಿ ಕೂತು ರಷ್ಯದ ಹಿಮದ ಚಿಂತೆ ಮಾಡುತ್ತಿದ್ದವರು ಇಡೀ ಹೈದರಾಬಾದಿನಲ್ಲಿ ಒಬ್ಬರೇ: ನನ್ನ ಅಕ್ಕನ ಗಂಡ! ಹಿಮ ಹಾಗಿರಲಿ, ಫ್ರಿಜ್ಜಿನ ನೀರು ಕುಡಿದರೂ ನೆಗಡಿಯಾಗುವ ಆಸಾಮಿ. ನಗು ಬಂದರೆ ನಕ್ಕುಬಿಡಿ. ನಾನೂ ನಕ್ಕವನೇ. ಅದಕ್ಕೇ ಈ ವಯಸ್ಸಿನಲ್ಲಿ ಇದನ್ನು ಬರೆಯಲು ಕೂತದ್ದು.

ಭಾವ ಮಹಾಯುದ್ಧದ ಜರ್ಮನ್ ಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದರು. ಒಮ್ಮೆ ಬೂದು ಟ್ಯಾಂಕಿನ ಮೇಲೆ ಬಿಳಿ ಬಣ್ಣ ಬಳಿದಿದ್ದರು.

"ಹಂಸದಂಗ ಐತ್ರಿ ಭಾವಾ!" ಎಂದೆ.

ಅಷ್ಟೇ! ಒದ್ದೆ ಬಟ್ಟೆ ತಂದು ಆ ಬಣ್ಣವನ್ನು ತಿಕ್ಕತೊಡಗಿದರು.

"ಅಯ್ಯ, ಏನ್ ಮಾಡಾಕತ್ತೀರಿ?"

"ಹಂಸ ಆದ್ರ ಕೆಟ್ಟಂಗಲೇ! ಹಿಮದಾಗ ಅಡಗಾಕ ಸೈನಿಕರು ಅವಸರದಾಗ ಸುಣ್ಣದಂಥ ಬಣ್ಣ ಬಳೀತಿದ್ರು, ಕಸಬರಿಗಿ ಸಿಕ್ರ ಕಸಬರಿಗೀಲೇ. ಅದು ನಿಲ್ತೈತೇನು? ಹತ್ತಿ ಇಳಿಯೂ ಕಡೆ ಬೂಟಿಗೆ ಅಳಿಸಿ ಹೋಗೂದು, ಮುಚ್ಚಳ ಹಿಡಿಯೂ ಕಡೆ ಕೈಗೆ."

ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಒರಗಿ ಅಕ್ಕ ನಿಂತಿದ್ದಳು. ಅದು ಅವಳ ಖಾಯಂ ಜಾಗ. ಎಣ್ಣೆ ಹಚ್ಚಿದ ತಲೆ ತಾಗಿ ತಾಗಿ ಅಲ್ಲಿ ಸುಣ್ಣ ಮಾಸಿ ಕಲೆಯೇ ಬಿದ್ದಿತ್ತು.

"ಗೋಡಿಗೆ ಸುಣ್ಣ ಹಚ್ಚಸ್ರಿ ಅಂದ್ರ ಕಿವಿಗೇ ಹಾಕ್ಕೊಳ್ಳಂಗಿಲ್ಲ. ಇಲ್ಲಿ ಟ್ಯಾಂಕಿಗೆ ಹಚ್ಚಿ, ಮತ್ತ ತಿಕ್ಕಾಕತ್ತಾರ!"

ಬೇಗಂಪೇಟೆಯಲ್ಲೊಮ್ಮೆ ಮಾದರಿಗಳ ಸ್ಪರ್ಧೆ ನಡೆಯಿತು. ಭಾವನ ಟ್ಯಾಂಕಿನಲ್ಲಿ ಒಬ್ಬೊಬ್ಬ ಸೈನಿಕ ಕಾಲಿಟ್ಟ ಜಾಗವನ್ನೂ ತೋರಿಸಬಹುದಿತ್ತು! ತೀರ್ಪುಗಾರರಿಗೆ ಅದು ಬರೀ ಕೊಳೆಯಾಗಿ ಕಂಡಿತು. ಬಹುಮಾನ ಹೋದದ್ದು ಹಾಲಿನಂತೆ ಹೊಳೆಯುವ ಟ್ಯಾಂಕಿಗೆ. ಭಾವ ಗೆದ್ದವನ ಕೈ ಕುಲುಕಿ ಬಂದು ನನ್ನ ಕಿವಿಯಲ್ಲಿ ಹೇಳಿದರು:

"ಭಾಳ ಚಲೋ ಆಗೇತಿ. ಆದ್ರ ಅದರಾಗ ಇನ್ನೂ ಯಾರೂ ಹತ್ತೇ ಇಲ್ಲ ನೋಡು!"

ಈ ಮಾತನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೋ!

ಆಮೇಲೆ ಅಕ್ಕ ತೀರಿಕೊಂಡಳು. ವರ್ಷಾಂತಿಕಕ್ಕೆ ನೆಂಟರು ಬರುವವರಿದ್ದರು. ಅವಳು ಕೇಳಿ ಕೇಳಿ ಸಾಕಾಗಿದ್ದ ಆ ಒಂದು ಕೆಲಸವನ್ನಾದರೂ ಮಾಡಿಸೋಣವೆಂದು, ಭಾವ ಗುಲ್ಬರ್ಗಕ್ಕೆ ಹೋಗಿದ್ದಾಗ ಇಡೀ ಮನೆಗೆ ಸುಣ್ಣ ಹೊಡೆಸಿದೆ. ಗೋಡೆಗಳು ಹಂಸದಂತಾದವು.

ಭಾವ ಬಂದರು. ಕೈಚೀಲವನ್ನೂ ಕೆಳಗಿಡದೆ ಅಡುಗೆಮನೆಯ ಬಾಗಿಲ ಬಳಿ ನಿಂತರು.

"ಭಾಳ ಚಲೋ ಆಗೇತಿ," ಎಂದರು.

ಬೇಗಂಪೇಟೆಯಲ್ಲಿ ಕೇಳಿದ ಅದೇ ಹೊಗಳಿಕೆ!

ಅವರು ಬಯ್ಯಲಿಲ್ಲ. ಟ್ಯಾಂಕು ತಿಕ್ಕುವ ಬಟ್ಟೆಯನ್ನು ಒದ್ದೆ ಮಾಡಿಕೊಂಡು ಬಂದು ಗೋಡೆ ತಿಕ್ಕಲು ನಿಂತರು. ಸ್ವಲ್ಪ ತಿಕ್ಕುವುದು, ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡುವುದು, ಬೆರಳಿಗೆ ಕೊಬ್ಬರಿ ಎಣ್ಣೆ ಅದ್ದಿ ಮೆಲ್ಲಗೆ ಒತ್ತುವುದು. ಕೊನೆಗೆ ನನ್ನತ್ತ ತಿರುಗಿದರು.

"ಎತ್ತರ ಬರೋಬ್ಬರಿ ಐತೇನೋ? ನೀ ಅಕಿ ತಮ್ಮ. ನಿನಗ ನೆನಪಿರತೈತಿ."

"ಒಂದು ಬೆರಳು ಕೆಳಗ, ಭಾವಾ," ಎಂದೆ. "ಅಕ್ಕ ತಲಿ ವಾಲಿಸಿ ನಿಂದರತಿದ್ಲು."

ಅವರು ಬಟ್ಟೆಯನ್ನು ನನ್ನ ಕೈಗಿತ್ತು ಪಕ್ಕಕ್ಕೆ ಸರಿದರು.