ಚೆಕ್ಕಿನ ಮೇಲಿನ ಕುಂಕುಮ

ಹಾವಿಗೆ ಹೆದರುವವರಿದ್ದಾರೆ, ಹೆಂಡತಿಯ ಅಣ್ಣನಿಗೆ ಹೆದರುವವರಿದ್ದಾರೆ. ನಾನು ಹೆದರುವುದು ಕಾಗದಕ್ಕೆ. ಅದರಲ್ಲೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿ, ಸಹಿಗೆಂದು ಕೆಳಗೊಂದು ಗೆರೆ ಎಳೆಸಿಕೊಂಡು ಬಂದ ಕಾಗದ ಕಂಡರೆ ನನ್ನ ಅಂಗೈ ಬೆವರುತ್ತದೆ. ಮದುವೆಯ ನೋಂದಣಿಗೆ ಸಹಿ ಹಾಕುವಾಗ ಪೆನ್ನು ಎರಡು ಸಲ ಕೈಯಿಂದ ಜಾರಿತ್ತು. ಅದನ್ನು ನನ್ನ ಹೆಂಡತಿ ಸರೋಜ ಇಂದಿಗೂ ಬೇರೆಯೇ ಅರ್ಥದಲ್ಲಿ ನೆನಪಿಟ್ಟುಕೊಂಡಿದ್ದಾಳೆ. ಆದರೆ ಈ ಹೆದರಿಕೆಯನ್ನು ನಾನು ಹೊರಗೆ ತೋರಿಸಿಕೊಂಡವನಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನನಗೆ ಮುಂದುವರಿದ ಮನುಷ್ಯ ಎಂದೇ ಹೆಸರು. ಬೀದಿಗೆ ಮೊದಲು ಫೋನ್ ತಂದವನು ನಾನು, ಬೆರಳು ತೂರಿಸಿ ತಿರುಗಿಸುವಂಥದ್ದಾದರೂ ಫೋನು ಫೋನೇ. ಅದೇ ಉಮೇದಿನಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಹೊಸ ಕಂಪ್ಯೂಟರ್ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆದವನೂ ನಾನೇ.

ನನ್ನದು ನಾಲ್ಕು ಪವರ್‌ಲೂಮ್ ಮಗ್ಗಗಳ ಸಣ್ಣ ಶೆಡ್ಡು. ಸೀರೆ ನೇಯ್ದು ಚಿಕ್ಕಪೇಟೆಯ ಒಬ್ಬ ಸಗಟು ವ್ಯಾಪಾರಿಗೆ ಕೊಡುತ್ತಿದ್ದೆ. ಅಲ್ಲಿಯವರೆಗೆ ಅವರು ನೋಟು ಎಣಿಸಿ ಕೊಡುತ್ತಿದ್ದರು, ನಾನು ಅದನ್ನು ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಯಲಹಂಕ ದಾಟುವವರೆಗೂ ಗರ್ಭಿಣಿಯ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೂತಿರಬೇಕಿತ್ತು. ಒಂದು ದಿನ ಅವರು, "ಇನ್ಮೇಲೆ ಎಲ್ಲಾ ಚೆಕ್ಕೇ, ಅಕೌಂಟ್ ಮಾಡಿಸ್ಕೊಂಡ್ಬಿಡಿ," ಎಂದರು. ಹೊಸ ಬ್ಯಾಂಕನ್ನು ತೋರಿಸಿದವರೂ ಅವರೇ. ಅಲ್ಲಿ ಫೋನ್ ಮಾಡಿದರೆ ಸಾಕು, ಖಾತೆಯಲ್ಲಿ ಎಷ್ಟಿದೆಯೆಂದು ಕಂಪ್ಯೂಟರೇ ಹೇಳುತ್ತದೆಯಂತೆ. ಇದನ್ನು ಸರೋಜಳ ಅಣ್ಣನಿಗೆ ಹೇಳಿದೆ. ನಮ್ಮ ತಾಲ್ಲೂಕಿನದೇ ಮಧುರೆಯಲ್ಲಿ ರಾಗಿ ಬೆಳೆಯುವ ಆ ಮನುಷ್ಯ, "ಎಷ್ಟೈತೆ ಅಂತ ನಿನಗೇ ಗೊತ್ತಿರಲ್ವೇನಪ್ಪಾ?" ಎಂದ. ಅವತ್ತು ಅದನ್ನು ಅಜ್ಞಾನವೆಂದುಕೊಂಡೆ.

ಬ್ಯಾಂಕಿನೊಳಗೆ ಗಾಜು, ತಂಪು, ನಿಶ್ಶಬ್ದ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಲಾಳಿಗಳ ಸದ್ದನ್ನು ಮೀರಿ "ಊಟಕ್ಕೆ ಬಾ" ಎಂದು ಕರೆದೇ ನಮ್ಮ ಗಂಟಲು ಪಳಗಿರುತ್ತದೆ. ಕೌಂಟರಿನ ಹುಡುಗಿ ಮೊದಲು ಎಷ್ಟು ಹಣ ಕಟ್ಟುತ್ತೀರಿ ಎಂದು ಪಿಸುಮಾತಿನಲ್ಲಿ ಕೇಳಿದಳು, ನಾನು ಹೇಳಿದ್ದು ಬಾಗಿಲಿನ ಕಾವಲುಗಾರನಿಗೂ ಕೇಳಿಸಿತು. ಅವನು ತಿರುಗಿ ನೋಡಿ, ಅಷ್ಟೇನಾ ಎನ್ನುವ ಹಾಗೆ ಮತ್ತೆ ಬೀದಿಯ ಕಡೆ ಮುಖ ಮಾಡಿದ.

ಹದಿನೈದು ದಿನದಲ್ಲಿ ಚೆಕ್ ಪುಸ್ತಕ ಅಂಚೆಯಲ್ಲಿ ಬಂತು. ನಾನು ಶೆಡ್ಡಿನಿಂದ ಬರುವಷ್ಟರಲ್ಲಿ ಅಮ್ಮ ಅದನ್ನು ದೇವರ ಮುಂದಿಟ್ಟು, ಒಂದೊಂದೇ ಹಾಳೆ ತಿರುವುತ್ತಾ ಮೇಲಿನ ಮೂಲೆಗೆ ಉಂಗುರದ ಬೆರಳಿನಿಂದ ಕುಂಕುಮ ಮುಟ್ಟಿಸುತ್ತಿದ್ದಳು. ಇಪ್ಪತ್ತೈದು ಹಾಳೆಗೂ ಇಪ್ಪತ್ತೈದು ಬೊಟ್ಟು.

"ಅಮ್ಮಾ, ಇದು ಬ್ಯಾಂಕಿನ ಕಾಗದ. ಲಗ್ನಪತ್ರಿಕೆ ಅಲ್ಲ," ಎಂದೆ.

"ಮಗ್ಗಕ್ಕೆ ಹೊಸ ಹಾಸು ಏರಿಸ್ದಾಗ ಕುಂಕುಮ ಇಡಲ್ವಾ? ಅಂಗೇ ಇದೂನೂವೆ. ಇದರಿಂದ್ಲೂ ಅನ್ನ ಹುಟ್ಟಬೇಕಲ್ಲ."

ಮುಂದುವರಿದ ಮನುಷ್ಯನಾದ ನಾನು ಲೊಚಗುಟ್ಟಿ ಕೈಕಾಲು ತೊಳೆಯಲು ಹೋದೆ.

ಮೊದಲ ಚೆಕ್ ಬರೆದದ್ದು ನೂಲಿನ ಅಂಗಡಿಯ ಗೋವಿಂದಪ್ಪನವರಿಗೆ. ಅಪ್ಪನ ಕಾಲದಿಂದಲೂ ನಮಗೆ ನೂಲು ಕೊಡುತ್ತಿದ್ದವರು ಅವರೇ. ಬೀಡಿ ಪೊಟ್ಟಣದ ತುಂಡಿನ ಹಿಂದೆ ಲೆಕ್ಕ ಬರೆದುಕೊಂಡರೂ ಒಂದು ರೂಪಾಯಿ ಆಚೀಚೆ ಆಗದ ಮನುಷ್ಯ. ಆಗ ಮದುವೆಯ ಕಾಲ, ಚಿಕ್ಕಪೇಟೆಯಿಂದ ನಲವತ್ತು ಸೀರೆಗೆ ಆರ್ಡರು ಬಂದಿತ್ತು, ಮಾರುಕಟ್ಟೆಯಲ್ಲಿ ನೂಲಿಲ್ಲ. ಗೋವಿಂದಪ್ಪನವರ ಬಳಿ ಉಳಿದದ್ದು ಒಂದೇ ಲೋಡು. ಸೋಮವಾರ ಬೆಳಿಗ್ಗೆ ಚೆಕ್ಕನ್ನು ಅವರ ಮುಂದಿಟ್ಟೆ. ಅದನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು.

"ನಿಮ್ಮಪ್ಪ ಒಂದಿನಾನೂ ನಂಗೆ ಕಾಗದ ಕೊಟ್ಟೋನಲ್ಲ ಕಣಪ್ಪ. ಬಾಯ್ಮಾತು, ಇಲ್ಲ ದುಡ್ಡು, ಎರಡೇ."

"ಈಗೆಲ್ಲಾ ಇಂಗೇ ಅಣ್ಣ. ಮೂರು ದಿವ್ಸದಲ್ಲಿ ನಿಮ್ಮ ಬೆಂಗ್ಳೂರಿನ ಖಾತೆಗೆ ಬಂದ್ಬಿಡುತ್ತೆ."

"ಬರ್ಲಿ. ಬಂದ್ರೆ ಶನಿವಾರ ಸಂಜೆ ನೂಲು ಎತ್ಕೊಂಡೋಗು. ಅಷ್ಟರೊಳಗೆ ಬರ್ಲಿಲ್ಲ ಅಂದ್ರೆ ಬೇರೇರು ಕಾಯ್ತಾವ್ರೆ, ನಾನೇನೂ ಮಾಡಂಗಿಲ್ಲ."

ಇದು ಎಷ್ಟು ದೊಡ್ಡ ಮಾತೆಂದು ಮಗ್ಗದವರಿಗೆ ಮಾತ್ರ ಗೊತ್ತು. ನೂಲಿಲ್ಲದೆ ನಾಲ್ಕು ಮಗ್ಗ ನಿಂತರೆ ನನ್ನ ಮೂವರು ನೇಕಾರರು ಎರಡೇ ದಿನದಲ್ಲಿ ಬೇರೆ ಶೆಡ್ಡಿಗೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ಆರ್ಡರೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಂಥವರ ಮಗನ ಚೆಕ್ ವಾಪಸ್ ಬಂತಂತೆ ಎಂಬ ಮಾತು ಹುಟ್ಟಿಕೊಂಡರೆ ನಮ್ಮೂರಿನಲ್ಲಿ ನನಗೆ ಒಂದು ಎಳೆ ನೂಲನ್ನೂ ಯಾರೂ ನಂಬಿ ಕೊಡುವುದಿಲ್ಲ.

ಮಂಗಳವಾರದಿಂದ ನನ್ನ ವನವಾಸ ಶುರುವಾಯಿತು. ಬ್ಯಾಂಕಿನ ಫೋನ್ ಯಂತ್ರಕ್ಕೆ ಗುಂಡಿ ಒತ್ತುವ ಫೋನೇ ಬೇಕು, ನಮ್ಮ ಮನೆಯ ತಿರುಗಿಸುವ ಫೋನಿಗೆ ಅದು ಓಗೊಡುವುದಿಲ್ಲ. ಬೀದಿಗೆ ಮೊದಲು ಫೋನ್ ತಂದವನು ಬಸ್‌ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿನ ಮುಂದೆ ಸಾಲಿನಲ್ಲಿ ನಿಂತ. ಒಳಗೆ ಹೋಗಿ ನಂಬರು ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬಲು ಪ್ರೀತಿಯಿಂದ ಅದನ್ನು ಒತ್ತಿ ಇದನ್ನು ಒತ್ತಿ ಎನ್ನುತ್ತಾಳೆ. ನಾನು ಅರ್ಥ ಮಾಡಿಕೊಂಡು ಒತ್ತುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ತಲೆಯ ಮೇಲೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿರುತ್ತವೆ. ಕೊನೆಗೆ ಬೂತಿನ ಮುನಿರಾಜು ಬಾಗಿಲು ತೆಗೆದು, "ಬಿಡಿ ಅಣ್ಣ, ನಾನ್ ಕೇಳ್ತೀನಿ," ಎಂದು ರಿಸೀವರ್ ಕಿತ್ತುಕೊಂಡ. ಕೇಳಿಸಿಕೊಂಡು, ಸಾಲಿನಲ್ಲಿ ನಿಂತವರಿಗೆಲ್ಲ ತಿಳಿಯುವಂತೆ ನನ್ನ ಬ್ಯಾಲೆನ್ಸನ್ನು ರೂಪಾಯಿ ಪೈಸೆ ಸಮೇತ ಓದಿದ. ಹಣ ಹಾಗೇ ಇತ್ತು. ಸಾಲಿನಲ್ಲಿದ್ದ ಒಬ್ಬರು ನನಗೆ ಜಾಗ ಬಿಟ್ಟು ಗೌರವದಿಂದ ನಕ್ಕರು.

ಬುಧವಾರವೂ ಹಣ ಹಾಗೇ ಇತ್ತು. ಗುರುವಾರವೂ ಇತ್ತು. ತನ್ನ ದುಡ್ಡು ಇನ್ನೂ ಹೋಗಿಲ್ಲವಲ್ಲಾ ಎಂದು ಊಟ ಬಿಟ್ಟವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. "ಇನ್ನೂ ಇದೆಯಾ?" ಎಂದು ನಾನು ಕೇಳುವುದು, "ಒಂದು ಪೈಸಾನೂ ಕಮ್ಮಿ ಆಗಿಲ್ಲ ಅಣ್ಣ" ಎಂದು ಮುನಿರಾಜು ಸಮಾಧಾನ ಹೇಳುವುದು, ಅದನ್ನು ಕೇಳಿ ನನ್ನ ಮುಖ ಇನ್ನಷ್ಟು ಬಾಡುವುದು. ಮನೆಗೆ ಬಂದರೆ ಸರೋಜ, "ರೀ, ಒಂದ್ಸಲ ಬೆಂಗ್ಳೂರಿಗೇ ಹೋಗ್ಬಂದ್ಬಿಡಿ," ಎಂದಳು. ನಾನು ಸುಮ್ಮನೆ ರೇಗಿದೆ. ನಿಜ ಹೇಳಬೇಕೆಂದರೆ ಆ ಗಾಜಿನ ಬಾಗಿಲ ಒಳಗೆ ಹೋಗಿ ನನ್ನ ಚೆಕ್ ಏನಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಗೋವಿಂದಪ್ಪನವರೇ ಶೆಡ್ಡಿಗೆ ಬಂದರು. ನಾಲ್ಕೂ ಮಗ್ಗ ಓಡುತ್ತಿದ್ದವು. ಅವರು ಬಾಗಿಲಲ್ಲೇ ನಿಂತು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಕೈ ಅಲ್ಲಾಡಿಸಿದೆ. ಇನ್ನೊಮ್ಮೆ ಹೇಳಿದರು, ಕೇಳಿಸಲಿಲ್ಲ. ಪಾಪ, ಅವರು ಗುಟ್ಟಾಗಿಯೇ ಹೇಳಬೇಕೆಂದು ಬಂದಿದ್ದರು. ಮೂರನೆಯ ಸಲ ಎದೆಯ ತುಂಬ ಉಸಿರು ತುಂಬಿಕೊಂಡು ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು, ಅಕ್ಕಪಕ್ಕದ ಶೆಡ್ಡುಗಳೂ ನಿಂತವು. ಅಷ್ಟು ನಿಶ್ಶಬ್ದ ನಮ್ಮ ಬೀದಿಯಲ್ಲಿ ಹಗಲು ಹೊತ್ತಿನಲ್ಲಿ ಎಂದೂ ಇರುವುದಿಲ್ಲ. ಅದರ ನಟ್ಟನಡುವೆ ಗೋವಿಂದಪ್ಪನವರ ದನಿ ನಿಂತಿತು.

"ನಿನ್ನ ಚೆಕ್ಕು ವಾಪಸ್ ಬಂತು ಕಣಪ್ಪಾ."

ನನ್ನ ಮೂವರು ನೇಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಶೆಡ್ಡಿನ ಕಿಟಕಿಯಲ್ಲಿ ಎರಡು ತಲೆಗಳು ಕಾಣಿಸಿದವು. ಎದುರು ಮನೆಯವರು ಒಗೆದ ಬಟ್ಟೆ ಹರವುವುದನ್ನು ಬಿಟ್ಟು ನಿಂತರು. ನಾನು ಭೂಮಿಗಿಳಿದುಹೋದೆ. ಗೋವಿಂದಪ್ಪನವರಿಗೂ ಕೆಡುಕೆನಿಸಿರಬೇಕು, ಚೆಕ್ಕನ್ನೂ ಅದಕ್ಕೆ ಸಿಕ್ಕಿಸಿದ್ದ ಇಂಗ್ಲಿಷ್ ಚೀಟಿಯನ್ನೂ ನನ್ನ ಕೈಗಿಟ್ಟು, "ನಾಳೆ ಸಂಜೆಗಂಟ ಐತೆ," ಎಂದಷ್ಟೇ ಹೇಳಿ ಹೊರಟುಹೋದರು.

ಶನಿವಾರ ಬ್ಯಾಂಕು ಅರ್ಧ ದಿನ. ಮೊದಲ ಬಸ್ಸಿಗೇ ಹತ್ತಿದೆ. ಯಲಹಂಕದಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳನ್ನು ನಾನು ಅಷ್ಟು ದ್ವೇಷದಿಂದ ಎಂದೂ ನೋಡಿದವನಲ್ಲ. ಬ್ಯಾಂಕಿಗೆ ಮುಟ್ಟುವಾಗ ಹತ್ತೂಮುಕ್ಕಾಲು. ಕೌಂಟರಿನ ಹುಡುಗಿ ಗುರುತು ಹಿಡಿದಳು, ನನ್ನ ದನಿಯಿಂದಲೇ ಇರಬೇಕು. ಕಂಪ್ಯೂಟರು ನೋಡಿ, "ಸರ್, ನಿಮ್ಮ ಅಕೌಂಟಲ್ಲಿ ದುಡ್ಡಿದೆಯಲ್ಲ," ಎಂದಳು.

"ಅದೇ ನನ್ನ ತೊಂದರೆ ಮೇಡಂ," ಎಂದೆ.

ಚೆಕ್ಕನ್ನು ಇಸಿದುಕೊಂಡು ನೋಡಿದಳು. ಹುಬ್ಬು ಮೇಲೇರಿತು. ಚೆಕ್ಕಿನ ಕೆಳಗೆ ಒಂದು ಬಿಳಿ ಪಟ್ಟಿ, ಅದರಲ್ಲಿ ಸೊಟ್ಟಸೊಟ್ಟ ಅಂಕಿಗಳಿರುತ್ತವಲ್ಲ, ಅದರ ಮೇಲೆ ಕೆಂಪಗೆ ಅಗಲವಾದ ಗುರುತು.

"ಇದೇನ್ ಸರ್ ಇದು?"

"ಕುಂಕುಮ. ನಮ್ಮಮ್ಮ ಇಟ್ಟಿದ್ದು. ಹಳೇ ಕಾಲದೋರು ಮೇಡಂ, ಎಷ್ಟು ಹೇಳಿದ್ರೂ ಕೇಳಲ್ಲ."

ಇಡೀ ಬ್ಯಾಂಕು ಅಮ್ಮನ ಬಗ್ಗೆ ತಿಳಿದುಕೊಂಡಿತು. ಆ ಹುಡುಗಿ ಮಾತ್ರ ನಗಲಿಲ್ಲ. ಆ ಅಂಕಿಗಳನ್ನು ಓದುವುದು ಯಂತ್ರ, ಅದರ ಮೇಲೆ ಒದ್ದೆ ಕುಂಕುಮ ಮೆತ್ತಿದರೆ ಅದಕ್ಕೆ ಓದಲಾಗುವುದಿಲ್ಲ, ತಳ್ಳಿಬಿಡುತ್ತದೆ ಎಂದಳು. ನನ್ನ ಚೆಕ್ ಪುಸ್ತಕ ತೆಗೆದುಕೊಂಡು ಉಳಿದ ಹಾಳೆಗಳನ್ನೆಲ್ಲ ತಿರುವಿದಳು. "ಇವೆಲ್ಲಾ ಸರಿಯಾಗಿವೆ ಸರ್. ಮೇಲ್ಗಡೆ ಮೂಲೇಲಿ ಸಣ್ಣದಾಗಿ ಇಟ್ಟಿದ್ದಾರೆ, ತೊಂದ್ರೆ ಇಲ್ಲ. ಕೆಳಗಡೆ ಪಟ್ಟಿ ಮಾತ್ರ ಮುಟ್ಬೇಡಿ ಅಂತ ಹೇಳಿ ಅಮ್ಮನಿಗೆ." ಹೇಳುತ್ತೇನೆ ಎಂದು ಗಟ್ಟಿಯಾಗಿ ತಲೆಯಾಡಿಸಿದೆ.

ನನ್ನ ಪುಣ್ಯಕ್ಕೆ ಅವಳು ಅರ್ಧ ಗಂಟೆಯಲ್ಲಿ ಗೋವಿಂದಪ್ಪನವರ ಹೆಸರಿಗೆ, ದುಡ್ಡಿಲ್ಲವೆಂದು ವಾಪಸ್ ಬರುವ ಭಯವೇ ಇಲ್ಲದ, ಬ್ಯಾಂಕಿನದೇ ಚೆಕ್ ಬರೆಸಿಕೊಟ್ಟಳು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡೇ ಬಸ್ಸು ಹತ್ತಿದೆ, ಹಳೇ ಅಭ್ಯಾಸ. ಗೋವಿಂದಪ್ಪನವರ ಅಂಗಡಿ ಮುಟ್ಟಿದಾಗ ಮೂರು ಗಂಟೆ. ಬೇರೊಬ್ಬರ ಗಾಡಿ ಆಗಲೇ ಬಾಗಿಲಲ್ಲಿ ನಿಂತಿತ್ತು. ಓಡಿ ಒಳಗೆ ಹೋಗಿ ಚೆಕ್ ಕೊಟ್ಟು, ಉಸಿರು ಬಿಡದೆ ಅಮ್ಮನ ಕುಂಕುಮದ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಗಾಡಿಯವನನ್ನು ಸಾಗಹಾಕಿದರು. "ದುಡ್ಡಿಲ್ದೆ ವಾಪಸ್ ಬಂದಿದ್ದಲ್ಲ ಅಂತ ಆಯ್ತಲ್ಲ, ಬಿಡು. ಅಮ್ಮನ್ನ ಏನೂ ಅನ್ಬೇಡ," ಎಂದರು. ನೂಲು ಮನೆಗೆ ಬರುವಷ್ಟರಲ್ಲಿ ಬೀದಿಯಲ್ಲಿ ಹತ್ತು ಜನಕ್ಕಾದರೂ ಆ ಕಥೆ ಹೇಳಿದ್ದೆ. ಪ್ರತಿ ಸಲ ಹೇಳಿದಾಗಲೂ ಅಮ್ಮ ಇನ್ನಷ್ಟು ಹಳೇ ಕಾಲದವಳಾಗುತ್ತಾ ಹೋದಳು. ನನ್ನ ಹೆಸರು ಉಳಿಯಿತು.

ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ನನ್ನನ್ನು ಕರೆದಳು. ಯಾರೋ ಅವಳಿಗೂ ಆ ಕಥೆ ಹೇಳಿದ್ದರು.

"ಆ ಚೆಕ್ಕು ಎಲ್ಲಿ, ತೋರ್ಸು."

ಕನ್ನಡಕ ಹಾಕಿಕೊಂಡು ಬೆಳಕಿನ ಹತ್ತಿರ ಹೋಗಿ ನೋಡಿದಳು. ಮೇಲಿನ ಮೂಲೆಯಲ್ಲಿ ಅವಳ ಬೊಟ್ಟು ಎಳ್ಳಿನಷ್ಟು. ಕೆಳಗಿನ ಗುರುತು ನಾಲ್ಕಾಣೆ ಪಾವಲಿಯಷ್ಟು ಅಗಲ, ಅದರ ನಡುವೆ ಅಡ್ಡಲಾಗಿ ಒಂದು ಬಿಳಿಯ ಗೆರೆ. ಅಮ್ಮ ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಮೇಲೆ ತಿರುಗಿಸಿದಳು. ಹದಿನೇಳನೆಯ ವಯಸ್ಸಿನಲ್ಲಿ ಲಾಳಿ ಹಾರಿ ಬಡಿದು ಸೀಳಿದ ಗಾಯದ ಗೆರೆ ಅಲ್ಲಿ ಅಡ್ಡಲಾಗಿ ಹಾಗೇ ಇದೆ.

ಇನ್ನು ಓದುಗರಿಗೆ ಮುಚ್ಚಿಡುವುದೇನಿದೆ. ಸೋಮವಾರ ಬೆಳಿಗ್ಗೆ ಚೆಕ್ ಬರೆದ ಮೇಲೆ ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ದೇವರ ಮುಂದೆ ಹೋದೆ. ಅಮ್ಮ ಇಟ್ಟ ಬೊಟ್ಟು ಇಷ್ಟು ದೊಡ್ಡ ಮೊತ್ತಕ್ಕೆ ಸಾಲದು ಅನಿಸಿತು. ಕುಂಕುಮಕ್ಕೆ ತೀರ್ಥದ ನೀರು ಬೆರೆಸಿ, ಹೆಬ್ಬೆರಳು ಅದ್ದಿ, ಕೆಳಗೆ ಬಿಳಿ ಪಟ್ಟಿ ಕಂಡಲ್ಲಿ ಚೆನ್ನಾಗಿ ಒತ್ತಿಬಿಟ್ಟೆ.

"ಬೀದಿಗೆಲ್ಲಾ ನಿಜ ಹೇಳ್ಬಿಡ್ತೀನಮ್ಮ," ಎಂದೆ. ಹೇಳುವಾಗ ನಾಚಿಕೆಯಿಂದ ನನ್ನ ದನಿ, ಜೀವಮಾನದಲ್ಲಿ ಮೊದಲ ಸಲ, ಮೆಲ್ಲಗಿತ್ತು.

"ಏನೂ ಬ್ಯಾಡ. ನಿಂಗೆ ನಾಳೇನೂ ಚೆಕ್ ಬರಿಯೋದೈತೆ. ನನ್ನ ಹೆಸರಿಗೆ ಯಾರು ನೂಲು ಕೊಡ್ಬೇಕು? ನಾನೇ ಇಟ್ಟೆ ಅಂತಿರ್ಲಿ."

ಹಾಗೇ ಇದೆ. ನಮ್ಮ ಬೀದಿಯಲ್ಲಿ ಇಂದಿಗೂ ಯಾರದಾದರೂ ಚೆಕ್ ವಾಪಸ್ ಬಂದರೆ ನಮ್ಮ ಅಮ್ಮನ ಕುಂಕುಮವನ್ನು ನೆನೆಸಿಕೊಂಡು ನಗುತ್ತಾರೆ, ಅವಳೂ ಜೊತೆಗೆ ನಗುತ್ತಾಳೆ. ಹೊಸ ಚೆಕ್ ಪುಸ್ತಕ ಬಂದಾಗಲೆಲ್ಲ ಮೇಲಿನ ಮೂಲೆಗೆ ಎಳ್ಳಿನಷ್ಟು ಬೊಟ್ಟಿಟ್ಟು ನನ್ನ ಕೈಗೆ ಕೊಡುತ್ತಾಳೆ. ಆಮೇಲೆ ಐದಡಿಯೂ ಇಲ್ಲದ ನಮ್ಮಮ್ಮ ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಕುಂಕುಮದ ಬಟ್ಟಲನ್ನು ಅಟ್ಟಣಿಗೆಯ ತುದಿಗೆ, ನನ್ನ ಕೈಗೆ ಸಿಗದ ಹಾಗೆ ತಳ್ಳಿ ಇಳಿಯುತ್ತಾಳೆ. ನಾನು ಮಣೆ ಅಲ್ಲಾಡದಂತೆ ಹಿಡಿದುಕೊಂಡು ನಿಲ್ಲುತ್ತೇನೆ.