ಬೋಗಾಣಿಯ ಗಣಿ

ರಾವೂರಿನಲ್ಲಿ ನೆಲ ತೋಡಿದರೆ ಕಲ್ಲು ಸಿಗುತ್ತದೆ. ಚಂದ್ರಾಮನ ಮನೆಯಲ್ಲಿ ಮಾತ್ರ ತೋಡದೆಯೇ ಸಿಗುತ್ತಿತ್ತು. ಬೋರಿನ ನೀರು ಕುದಿದು ಕುದಿದು, ಅವನ ಹೆಂಡತಿ ಸುಂದರಮ್ಮ ಅಡಿಗೆ ಮಾಡುವ ಅಲ್ಯೂಮಿನಿಯಂ ಬೋಗಾಣಿಯ ಒಳಗೆಲ್ಲ ಕರ್ರಗಾಗಿ, ತಳದಲ್ಲಿ ಬಿಳಿ ಸುಣ್ಣದ ಪದರು ರೊಟ್ಟಿಯಷ್ಟು ದಪ್ಪ ಕೂತಿತ್ತು. ಊರಿನ ಎಲ್ಲ ಮನೆಗಳಲ್ಲೂ ಇದೇ ಹಣೆಬರಹ. ಆದರೆ ಎಲ್ಲ ಮನೆಗಳಲ್ಲೂ ಚಂದ್ರಾಮ ಇರಲಿಲ್ಲ.

ಚಹಾದಂಗಡಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿ ಧಣಿಗಳು ತಮ್ಮ ತಮ್ಮ ಕಲ್ಲು ಹೊಗಳಿಕೊಳ್ಳುತ್ತಿದ್ದರು. ಗುಂಟೆ ಹೊಲವೂ ಇಲ್ಲದ ಚಂದ್ರಾಮನಿಗೆ ಸುಮ್ಮನೆ ಕೂಡಲಾಗಲಿಲ್ಲ.

"ನಿಮ್ಮ ಕಲ್ಲ ತಗದಂಗೆಲ್ಲ ಮುಗೀತದ. ನಮ್ಮನಿ ಬೋಗಾಣ್ಯಾಗ ದಿನಾ ಬೆಳಿತದ. ಮೊನ್ನಿ ಒಂದು ತುಂಡು ಎಬ್ಬಿಸಿ ಅಂಗಳಕ್ಕ ಹಾಸೀನಿ," ಎಂದ.

ಪಕ್ಕದಲ್ಲಿ ಗೃಹಖನಿಜ ಶಾಖೆಯ ಅಧಿಕಾರಿ ಬಸವಂತರಾಯರು ಕೂತಿದ್ದರು. ಮನೆಯೊಳಗಿನ ಖನಿಜ ಕಾಪಾಡಲೆಂದು ಹೊಸದಾಗಿ ತೆರೆದ ಶಾಖೆ ಅದು. ಕಾಪಾಡಲು ಏನೂ ಸಿಗದೆ ಮುಚ್ಚುವುದಕ್ಕೆ ಬಂದಿತ್ತು. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮಧ್ಯಾಹ್ನ ಚಂದ್ರಾಮನ ಬಾಗಿಲಿಗೆ ಪ್ರಕಟಣೆ ಬಿತ್ತು: "ಸದರಿ ಬೋಗಾಣಿಯನ್ನು ಖನಿಜ ಕ್ಷೇತ್ರವೆಂದು ಘೋಷಿಸಲಾಗಿದೆ. ಕ್ಷೇತ್ರದೊಳಗೆ ಸೌಟು ಆಡಿಸುವುದು ಉತ್ಖನನ ಎನಿಸುವುದು. ಒಗ್ಗರಣೆಯ ಸಿಡಿತವನ್ನು ಸ್ಫೋಟವೆಂದು ಪರಿಗಣಿಸಲಾಗುವುದು."

ಓದು ಬಾರದ ಚಂದ್ರಾಮ ಅದನ್ನು ಸನ್ಮಾನಪತ್ರವೆಂದು ತಿಳಿದು ನೆರೆಮನೆಯ ಜಗದೇವಿಯಿಂದ ಗಟ್ಟಿಯಾಗಿ ಓದಿಸಿದ. ಅರ್ಥವಾದ ಮೇಲೂ ಉಬ್ಬಿದ ಎದೆ ಇಳಿಯಲಿಲ್ಲ. "ಇನ್ನ ನಾನೂ ಖಣಿ ಧಣಿ," ಎಂದ.

"ಆಗ್ರಿ ಧಣಿ," ಎಂದಳು ಸುಂದರಮ್ಮ. "ಇರಾದು ಒಂದೇ ಬೋಗಾಣಿ. ಬ್ಯಾಳಿ ಏನು ನಿಮ್ಮ ಟೊಪಗ್ಯಾಗ ಕುದಸ್ಲಿ?"

ಹಸಿವು ಧಣಿಗಳಿಗೂ ಆಗುತ್ತದೆ. ಸಂಜೆ ಚಂದ್ರಾಮನೇ ಹುಣಸೆಹಣ್ಣು ತಂದುಕೊಟ್ಟ. ಖನಿಜವೇ ಇಲ್ಲದಿದ್ದರೆ ಕ್ಷೇತ್ರವೂ ಇಲ್ಲವೆಂದು ಸುಂದರಮ್ಮ ಬೋಗಾಣಿ ತಿಕ್ಕಿ ಬೆಳ್ಳಗೆ ಮಾಡಿ ಬೇಳೆ ಬೇಯಿಸಿದಳು. ಮರುದಿನ ಬಸವಂತರಾಯರು ಬಂದು ಬೋಗಾಣಿಯೊಳಗೆ ಇಣುಕಿ, ಮನೆಯಲ್ಲಿ ಸಾವಾದವರಂತೆ ಕುಳಿತುಬಿಟ್ಟರು.

"ಇದು ಅಕ್ರಮ ಗಣಿಗಾರಿಕಿ. ಯಾರು ಮಾಡಿದ್ದು?"

"ನಾನೇ ತಿಕ್ಕೀನ್ರಿ," ಎಂದಳು ಸುಂದರಮ್ಮ.

ಅಪರಾಧವಾದರೂ ಸರಿ, ಹೆಸರು ಬೇರೆಯವರಿಗೆ ಹೋಗುವುದನ್ನು ಚಂದ್ರಾಮ ಸಹಿಸುವವನಲ್ಲ. "ಅಕಿ ಬರೇ ಕೈ ಆಡಿಸ್ಯಾಳ್ರಿ ಸಾಹೇಬ್ರ. ತಲಿ ನಂದು. ಹಿಂದಕ ಸನ್ನತಿಗಿ ಹೋದಾಗ ಭೀಮಾ ನದಿ ತಳಾನೇ ಹಿಂಗ ತಿಕ್ಕಿ ಬಂದೀನಿ."

"ನದಿದು ಬ್ಯಾರೆ ಪ್ರಕರಣ ಆಗ್ತದ," ಎಂದು ಸಾಹೇಬರು ಬರೆದುಕೊಂಡರು.

ಆದೇಶ ಹೊರಬಿತ್ತು: ಆರೋಪಿಯು ಕ್ಷೇತ್ರವನ್ನು ಮೊದಲಿನ ಸ್ಥಿತಿಗೆ ತರತಕ್ಕದ್ದು, ಪದರು ಮರಳಿ ಬೆಳೆಯುವವರೆಗೆ ಬೋಗಾಣಿಯಲ್ಲಿ ಬೋರಿನ ನೀರು ಬಿಟ್ಟು ಬೇರೇನನ್ನೂ ಕುದಿಸತಕ್ಕದ್ದಲ್ಲ. ಇಂಥ ಅಪರಾಧ ಹಬ್ಬಬಾರದೆಂದು ಓಣಿಯ ಎಲ್ಲ ಪಾತ್ರೆಗಳ ತಪಾಸಣೆಯಾಯಿತು. ಎಲ್ಲವೂ ಕ್ಷೇತ್ರಗಳೇ ಆಗಿದ್ದವು. ಶಾಖೆ ಉಳಿಯಿತು. ಬಸವಂತರಾಯರಿಗೆ ತಿರುಗುವ ಕುರ್ಚಿ ಬಂತು.

ಇಡೀ ಊರಿನಲ್ಲಿ ಖನಿಜವಿಲ್ಲದ, ಅಡಿಗೆಗೆ ಅಡ್ಡಿಯಿಲ್ಲದ ಪಾತ್ರೆ ಶಾಖೆಯಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ಚಹಾಕ್ಕೂ ಬಾಟಲಿ ನೀರು. ಸುಂದರಮ್ಮ ನೆನೆಸಿದ ತೊಗರಿಬೇಳೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟಳು.

"ನಮ್ಮ ಪಾತ್ರಿ ನೀವು ಕಾಯಾಕತ್ತೀರಿ. ನಮ್ಮ ಬ್ಯಾಳಿ ಯಾರು ಬೇಯಿಸ್ಬೇಕ್ರಿ?"

ಬಸವಂತರಾಯರು ನಿಯಮಾವಳಿ ತಿರುವಿ ಹಾಕಿದರು. ಶಾಖೆಯಲ್ಲಿ ಬೇಳೆ ಬೇಯಿಸಬೇಡವೆನ್ನುವ ನಿಯಮ ಎಲ್ಲಿಯೂ ಇರಲಿಲ್ಲ. ಮರುದಿನ ಜಗದೇವಿಯೂ ಬಂದಳು, ಅವಳ ಹಿಂದೆ ಓಣಿಯೇ ಬಂತು.

ಈಗ ಶಾಖೆಯ ಮುಂದೆ ಫಲಕವಿದೆ: "ಬೇಳೆ ಸ್ವೀಕಾರ ಬೆಳಿಗ್ಗೆ, ವಿತರಣೆ ಮಧ್ಯಾಹ್ನ. ಉಪ್ಪು ಕಡಿಮೆಯಾದಲ್ಲಿ ಮೇಲ್ಮನವಿ ಸಲ್ಲಿಸತಕ್ಕದ್ದು." ಸಾಹೇಬರ ಕೈರುಚಿ ಚೆನ್ನಾಗಿದೆ ಎಂಬ ಮಾತು ಪಕ್ಕದ ವಾಡಿ ಊರಿನವರೆಗೂ ಹೋಗಿದೆ.

ಚಂದ್ರಾಮ ಒಲೆಯ ಮುಂದೆ ಕೂತು ಬರಿ ನೀರಿಗೆ ಉರಿ ಹಾಕುತ್ತಾನೆ. ಹೋಗುವವರು ಕೇಳುತ್ತಾರೆ, "ಕಾಕಾ, ಅಡಿಗಿ ಏನ್ ನಡ್ಸೀರಿ?"

"ಅಡಿಗಿ ಸರ್ಕಾರ ಮಾಡ್ತದ," ಎನ್ನುತ್ತಾನೆ ಚಂದ್ರಾಮ. "ನಾವು ಕಲ್ಲ ಕುದಸಾಕತ್ತೀವಿ."

ಕೇಳಿದವರು ತಲೆಯಾಡಿಸಿ, ಕೈಯಲ್ಲಿನ ಡಬ್ಬಿ ಹಿಡಿದು ಶಾಖೆಯ ಸಾಲಿಗೆ ನಡೆಯುತ್ತಾರೆ.